ಕಿಟಕಿಗೆ ಕಟ್ಟಿದ ಸೀರೆ

ಬ್ಯಾಡಗಿಯ ಹೊಳಿಯವ್ವ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸಲು ವರ್ಷಗಟ್ಟಲೆ ನೆಲಕ್ಕೆ ಕೂತವಳ ಮೊಣಕಾಲು ಸವೆದುಹೋಗಿದ್ದವು. ಡಾಕ್ಟರು ಆಪರೇಷನ್ ಹೇಳಿದ್ದರೂ ಮನೆಯವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ತಾಟಿಗೆ ಬೀಳುತ್ತಿದ್ದವಲ್ಲ, ಅವರಿಗೆ ಅಷ್ಟು ಸಾಕಿತ್ತು.

ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಕಾಶೀಬಾಯಿ ಒಂದು ಮಧ್ಯಾಹ್ನ ಬಂದರು. ಅವರಿಗೆ ಮೊಣಕಾಲಿನ ಕೀಲು ಬದಲಾವಣೆಯ ಆಪರೇಷನ್ ಆಗಿತ್ತು.

“ಡಾಕ್ಟರು ಹೊಳಿಯವ್ವಗ ಆಪರೇಷನ್ ಹೇಳ್ಯಾರಂತಲ್ಲ. ಯಾವಾಗ ಮಾಡಸ್ತೀರಿ?”

“ಬ್ಯಾಡ್ರಿ ಬಾಯಾರ,” ಎಂದ ಗಂಡ ಮಾಲತೇಶಪ್ಪ. “ಕಾಲು ಕೊಯ್ದು ಕಬ್ಬಿಣದ ಕಾಲು ಹಾಕ್ತಾರಂತ. ಆಮ್ಯಾಲ ನೆಲಕ್ಕ ಕುಂದ್ರಾಕ ಬರೂದಿಲ್ಲ. ರೊಟ್ಟಿ ಯಾರು ಬಡೀಬೇಕು?”

“ಕಾಲು ತಗ್ಯೂದಿಲ್ಲ. ಎಲುಬಿನ ಸವೆದ ತುದಿ ಅಷ್ಟ ತಗದು, ಲೋಹ, ಪ್ಲಾಸ್ಟಿಕ್ಕಿನ ಕೀಲು ಕೂಡಸ್ತಾರ. ಒಂದೆರಡು ದಿನದಾಗ ಹಿಡಕೊಂಡು ನಡಸ್ತಾರ. ಹೇಳಿದ ವ್ಯಾಯಾಮ ಬಿಟ್ರ ಕಾಲು ಬಿಗೀತದ. ಸೋಂಕಿನ ಭಯಾನೂ ಅದ, ಡಾಕ್ಟರನ್ನ ಎಲ್ಲಾ ಕೇಳಿ ತಿಳ್ಕೋರಿ. ಪ್ರತಿ ಮೊಣಕಾಲು ನೋವಿಗೂ ಇದು ಬೇಕಾಗೂದಿಲ್ಲ. ಔಷಧ, ವ್ಯಾಯಾಮದಿಂದ ಆಗದಿದ್ದಾಗ ಮಾತ್ರ. ನೆಲಕ್ಕ ಕುಂದ್ರೂದು ಬಿಡಬೇಕು, ಖರೇ. ರೊಟ್ಟಿ ಅಡಗೀಮನಿ ಕಟ್ಟೀ ಮುಂದ ನಿಂತು ಬಡೀಬಹುದು. ನೀವೂ ಬಡೀಬಹುದು!”

ಮಾಲತೇಶಪ್ಪನಿಗೆ ನಗು ಬಂತು. “ಈಗೇನ್ ತೊಂದ್ರಿ ಐತ್ರಿ? ಹೆಂಗೋ ಕುಂದರ್ತಾಳ, ಹೆಂಗೋ ಏಳ್ತಾಳ.”

“ಹೆಂಗ ಏಳ್ತೀ ಹೊಳಿಯವ್ವಾ? ನೀನ ಹೇಳು.”

ಹೊಳಿಯವ್ವ ತಲೆ ಎತ್ತಲಿಲ್ಲ. “ಪಾಯಖಾನಿ ಕಿಟಕೀಗೆ ಹಳೇ ಸೀರಿ ಕಟ್ಟೇನ್ರಿ. ಅದನ್ನ ಜಗ್ಗಿ ಹಿಡದು ಏಳ್ತೇನಿ. ಮತ್ತ ಮತ್ತ ಹೋಗೂದು ಬ್ಯಾಡಂತ ನೀರು ಕುಡಿಯೂದು ಬಿಟ್ಟೇನಿ.”

ದಿನಾ ಆ ಸೀರೆಯನ್ನು ನೋಡುತ್ತಿದ್ದ ಮಾಲತೇಶಪ್ಪನ ಮುಖ ಸಣ್ಣದಾಯಿತು. “ಒಣಗಾಕ ಹಾಕೀದಿ ಅಂತ ತಿಳಿದಿದ್ದೆ,” ಎಂದ.

“ಮೂರು ವರ್ಷ ಆದ್ರೂ ಒಣಗಲಿಲ್ಲೇನ್ರಿ ಆ ಸೀರಿ?” ಎಂದಳು ಹೊಳಿಯವ್ವ.

ಮರುವಾರ ಮಾಲತೇಶಪ್ಪ ಹೆಂಡತಿಯನ್ನು ಹಾವೇರಿಯ ಆಸ್ಪತ್ರೆಗೆ ತಾನೇ ಕರೆದೊಯ್ದ. ಆಪರೇಷನ್ ಆಯಿತು. ಅವಳು ಮನೆಗೆ ಬರುವಷ್ಟರಲ್ಲಿ ಕೂತು ಬಳಸುವ ಕಮೋಡೂ ಬಂತು. ಈಗ ಹೊಳಿಯವ್ವ ನೋವಿದ್ದರೂ ವ್ಯಾಯಾಮ ಬಿಡುವುದಿಲ್ಲ, ತಂಬಿಗೆ ತುಂಬ ನೀರು ಕುಡಿಯುತ್ತಾಳೆ. ಆ ಮೂರು ವರ್ಷವನ್ನು ಮಾತ್ರ ಮರೆತಿಲ್ಲ. ಯಾಕೆ ಮರೆಯಬೇಕು?

ಓದುವ ಅಣ್ಣಂದಿರೇ, ತಮ್ಮಂದಿರೇ, ನಿಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟವರು ಯಾರಾದರೂ ಇದ್ದಾರೆಯೇ? ಯಾಕೆಂದು ಇವತ್ತೇ ಕೇಳಿ. ಮೊಣಕಾಲು ನೋವಿನಿಂದಾದರೆ ಎಲುಬು-ಕೀಲು ವೈದ್ಯರಿಗೆ ತೋರಿಸಿ. ಸರ್ಕಾರಿ ನೆರವಿನ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಿ. ರೊಟ್ಟಿಯ ಚಿಂತೆ ಆಮೇಲೆ ಮಾಡಿ. ಅದಕ್ಕೂ ಮೊದಲು ನಿಮ್ಮ ಪಾಯಖಾನೆಯ ಕಿಟಕಿಯನ್ನೊಮ್ಮೆ ನೋಡಿ ಬನ್ನಿ.