ಬಾಯಿ ತುಂಬ ಹತ್ತಿ

ಬಾಯಿಗೆ ಹೆದರುವ ದಂತವೈದ್ಯೆ ಊರಲ್ಲಿ ನಾನೊಬ್ಬಳೇ ಇರಬೇಕು. ರೋಗಿಗಳ ಬಾಯಿಗಲ್ಲ, ಸ್ಪ್ಯಾನಿಷ್ ಮನೆಮಾತಾಗಿರುವವರ ಬಾಯಿಗೆ. ಆ ಭಾಷೆಯನ್ನು ವರ್ಷದಿಂದ ಕಲಿಯುತ್ತಿದ್ದೇನೆ. ಓದುತ್ತೇನೆ, ಬರೆಯುತ್ತೇನೆ, ಪಾತ್ರೆ ತೊಳೆಯುವಾಗ ಬಾಣಲೆಯ ಜೊತೆ ಸೊಗಸಾಗಿ ಮಾತಾಡುತ್ತೇನೆ. ಆದರೆ ಸಂಜೆ ತರಗತಿಯ ಮೇಷ್ಟರು, ಅವರು ಆ ಭಾಷೆಯವರೇ, "ಹೇಗಿದ್ದೀರಿ?" ಎಂದರೆ ಸಾಕು, ನಾಲಿಗೆ ಅಂಟಿಕೊಳ್ಳುತ್ತದೆ. ಉತ್ತರ ಹೊಳೆಯದೆ ಅವರ ಕೆಳಸಾಲಿನ ಒತ್ತೊತ್ತಾದ ಹಲ್ಲುಗಳನ್ನೇ ನೋಡುತ್ತ ನಿಲ್ಲುತ್ತೇನೆ. ಪಾಪ, ಈಚೆಗೆ ಅವರು ನನ್ನೆದುರು ತುಟಿ ಬಿಗಿಹಿಡಿದೇ ಮಾತಾಡುತ್ತಾರೆ.

ಈ ಹೆದರಿಕೆ ಅಕ್ಕನಿಗೆ ಗೊತ್ತಿಲ್ಲ; ಬಾಣಲೆಯ ಜೊತೆಗಿನ ಮಾತಷ್ಟೇ ಅವಳ ಕಿವಿಗೆ ಬಿದ್ದಿದೆ. ಕ್ಲಿನಿಕ್ಕಿನ ಮುಂದಿನ ಮೇಜು ಅವಳದು. ರೋಗಿಗಳೆದುರು ನನ್ನನ್ನು "ಡಾಕ್ಟ್ರೇ" ಅನ್ನುತ್ತಾಳೆ. ಸಿಟ್ಟು ಬಂದರೆ ಬಹುವಚನ ಹಾರಿಹೋಗುತ್ತದೆ.

ಮೊನ್ನೆ ಒಬ್ಬ ಡ್ರೈವರು ಐವತ್ತು ದಾಟಿದ ಹೆಂಗಸೊಬ್ಬರನ್ನು ಕರೆತಂದ. ಕೆನ್ನೆಗೆ ಕೈ, ಕಣ್ಣಲ್ಲಿ ನೀರು.

"ನಮ್ಮ ಕಂಪನಿಗೆ ಬಂದಿರೋ ಎಂಜಿನಿಯರಮ್ಮ, ಮೇಡಂ. ಸ್ಪ್ಯಾನಿಷ್ ಬಿಟ್ರೆ ಬೇರೆ ಮಾತೇ ಬರಲ್ಲ. ಎರಡು ಕಡೆ ಸೂಜಿ ನೋಡಿ ಎದ್ದು ಓಡಿದಾರೆ. ಇಲ್ಲೂ ಆಗದಿದ್ರೆ ಹಲ್ಲು ಹೋದ ಹಾಗೇನೇ."

"ಓಡೋದೇನು ಬಂತು? ನಮ್ಮ ಡಾಕ್ಟ್ರಿಗೆ ಅವರ ಭಾಷೆ ನೀರು ಕುಡಿದಷ್ಟು ಸಲೀಸು," ಎಂದಳು ಅಕ್ಕ. ಹಾಗೆಂದು ಆ ಹೆಂಗಸಿಗೂ ಕೈಸನ್ನೆಯಲ್ಲೇ ತಿಳಿಸಿಬಿಟ್ಟಳು.

ಆಕೆಯ ಮುಖ ಅರಳಿತು. ನನ್ನ ಎರಡೂ ಕೈ ಹಿಡಿದು ಉಸಿರು ಬಿಡದೆ ಮಾತಾಡಿದರು. ನಾನು ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡೆ.

"ಏನಂತಾರೆ?" ಅಕ್ಕ ಪಿಸುಗುಟ್ಟಿದಳು.

"ಹಲ್ಲು ನೋವಂತೆ."

"ಅಷ್ಟುದ್ದ ಮಾತಿಗೆ ಇಷ್ಟೇನಾ?"

ಎಕ್ಸ್‌ರೇ ನೋಡಿದೆ. ಮೇಲಿನ ಮುಂದಿನ ಹಲ್ಲು, ಬೇರಿನಲ್ಲಿ ಕೀವು. ಇವತ್ತು ಬೇರು ತೆರೆದು ಸ್ವಚ್ಛಮಾಡಿದರೆ ಉಳಿಯುತ್ತದೆ. ಆಕೆ ಎದ್ದು ಹೋದರೆ ಇಲ್ಲ. ಇದನ್ನು ಹೇಳಲು ಬೇಕಾದ ಪದಗಳೆಲ್ಲ ನನಗೆ ಬರುತ್ತವೆ. ಬಾಣಲೆ ಎದುರಿಗಿದ್ದಿದ್ದರೆ ಹೇಳುತ್ತಲೂ ಇದ್ದೆ.

ಕೈಸನ್ನೆಯಿಂದ ಬಾಯಿ ತೆರೆಸಿ, ಒಸಡಿಗೆ ಮುಲಾಮು ಸವರಿ, ತುಟಿಯ ಅಡಿಗೆ ಎರಡೂ ಕಡೆ ಹತ್ತಿಯ ಸುರುಳಿ ಇಟ್ಟು, ಉಗುಳು ಎಳೆಯುವ ಕೊಳವೆ ಸಿಕ್ಕಿಸಿದೆ. ಸೂಜಿ ತೆಗೆದುಕೊಳ್ಳಲು ತಿರುಗಿದ್ದೇ ತಡ, ಆಕೆ ಕುರ್ಚಿಯಿಂದ ಅರ್ಧ ಎದ್ದರು.

ಆಗ ನನಗೆ ಒಂದು ವಿಷಯ ಹೊಳೆಯಿತು: ಈ ಬಾಯಿ ಈಗ ಉತ್ತರ ಕೊಡಲಾರದು. ನನಗಿದ್ದದ್ದು ಅವರ ಉತ್ತರದ ಭಯ ತಾನೆ?

"ನನ್ನ ಚಿಕ್ಕಪ್ಪನ ಮನೆಗೆ ಎರಡು ಕಿಟಕಿಗಳಿವೆ," ಎಂದೆ, ಸ್ಪ್ಯಾನಿಷ್‌ನಲ್ಲಿ.

ಗಾಬರಿಯಲ್ಲಿ ಬಂದದ್ದು ತರಗತಿ ಪುಸ್ತಕದ ಮೊದಲ ಪಾಠ. ಆಕೆ ನನ್ನನ್ನೇ ನೋಡಿದರು. ಕೂತರು.

"ಒಂದು ಕಿಟಕಿ ದೊಡ್ಡದು. ಒಂದು ಕಿಟಕಿ ಚಿಕ್ಕದು. ಚಿಕ್ಕಪ್ಪನ ಬೆಕ್ಕು ಮೇಜಿನ ಕೆಳಗೆ ಇದೆ." ಬೆಕ್ಕು ಮೇಜಿನ ಮೇಲೆ ಬರುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೂ ಬಂದಿತ್ತು. ಆಕೆಗೆ ತಿಳಿದಂತೆ ಕಾಣಲಿಲ್ಲ.

ಅಲ್ಲಿಂದ ನನ್ನನ್ನು ಹಿಡಿಯುವವರಿಲ್ಲ. ಡ್ರಿಲ್ಲಿನ ಸದ್ದಿನ ಜೊತೆ ಪಾಠದ ಮೇಲೆ ಪಾಠ ಒಪ್ಪಿಸಿದೆ. ಚಿಕ್ಕಪ್ಪ ಮಾರುಕಟ್ಟೆಗೆ ಹೋದರು, ಹಸಿರು ಕೊಡೆ ಕೊಂಡರು, ರೈಲು ತಪ್ಪಿಸಿಕೊಂಡರು. ಆಕೆಯ ಭುಜಗಳು ಕಿವಿಯ ಬಳಿಯಿಂದ ತಮ್ಮ ಜಾಗಕ್ಕೆ ಇಳಿದವು.

ಇದ್ದಕ್ಕಿದ್ದಂತೆ ಆಕೆ ಎಡಗೈ ಎತ್ತಿದರು. ನೋವೇ? ಎಲ್ಲಿ? ಕೇಳಲೇಬೇಕು, ಕೇಳಿದ ಮೇಲೆ ಉತ್ತರ ಅರ್ಥವಾಗಲೇಬೇಕು. ಡ್ರಿಲ್ ನಿಲ್ಲಿಸಿ, ಕೊಳವೆ ತೆಗೆದು, ಹತ್ತಿ ಎಳೆದೆ.

ಆಕೆಯ ಮೇಲ್ತುಟಿ ಪೂರ್ತಿ ಮರಗಟ್ಟಿತ್ತು. ಮಾತು ಒಂದೊಂದಾಗಿ, ಗೋಡೆ ಹಿಡಿದು ನಡೆಯುವ ಮಗುವಿನಂತೆ ಬಂತು. ಅಷ್ಟು ನಿಧಾನವಾಗಿ ಸ್ಪ್ಯಾನಿಷ್ ಮಾತಾಡುವವರನ್ನು ನನ್ನನ್ನು ಬಿಟ್ಟರೆ ನಾನು ಕಂಡಿರಲಿಲ್ಲ.

"ಚಿಕ್ಕಪ್ಪ... ಒಬ್ಬರೇ... ಇರೋದಾ?"

ಪ್ರತಿ ಪದವೂ ಅರ್ಥವಾಯಿತು. ಉತ್ತರ ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ. ನನಗೆ ಚಿಕ್ಕಪ್ಪನೇ ಇಲ್ಲ.

"ಚಿಕ್ಕಮ್ಮ ಹೋದಳು," ಎಂದೆ. ಮನಸ್ಸಿನಲ್ಲಿ ಒಮ್ಮೆಯೂ ಹೇಳಿ ನೋಡಿಕೊಳ್ಳದೆ ಆಡಿದ ನನ್ನ ಮೊದಲ ವಾಕ್ಯ.

"ಅಯ್ಯೋ! ಯಾಕೆ?"

"ಬೆಕ್ಕು. ಬೆಕ್ಕು ಅಥವಾ ನಾನು, ಅಂದಳು. ಚಿಕ್ಕಪ್ಪ ತುಂಬಾ ಹೊತ್ತು ಯೋಚಿಸಿದರು."

ಆಕೆ ಹೊಟ್ಟೆ ಹಿಡಿದು ನಕ್ಕರು. ಮರಗಟ್ಟಿದ ತುಟಿಯಿಂದ ಎದೆಗೆ ಕಟ್ಟಿದ ಬಿಬ್‌ನ ಮೇಲೆಲ್ಲ ಜೊಲ್ಲು.

"ನಗಬೇಡಿ, ನನ್ನ ಕೈಯಲ್ಲಿ ಡ್ರಿಲ್ ಇದೆ!" ಅದನ್ನೂ ಸ್ಪ್ಯಾನಿಷ್‌ನಲ್ಲೇ ಕೂಗಿದೆ ಎಂದು ಕೂಗಿದ ಮೇಲೆ ತಿಳಿಯಿತು.

ಬಾಗಿಲು ತೆರೆದು ಅಕ್ಕ ಇಣುಕಿದಳು. "ಏನೇ ಇದು ಗಲಾಟೆ? ಆಚೆ ಕೂತವರು ನಗಿಸೋ ಗ್ಯಾಸ್ ನಮಗೂ ಕೊಡ್ತೀರಾ ಅಂತ ಕೇಳ್ತಿದಾರೆ!"

ಬೇರು ಸ್ವಚ್ಛವಾಯಿತು. ತಾತ್ಕಾಲಿಕವಾಗಿ ಮುಚ್ಚಿ, ಹಲ್ಲು ಉಳಿಯುತ್ತದೆ, ಇನ್ನೊಮ್ಮೆ ಬರಬೇಕು ಎಂದೆ. ಆಕೆ ಬಾಯಿ ಮುಕ್ಕಳಿಸಿ, ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ತಿರುಗಿ ನಿಂತರು.

"ಮುಂದಿನ ವಾರದ ಹೊತ್ತಿಗೆ ಚಿಕ್ಕಮ್ಮ ವಾಪಸ್ ಬರ್ತಾಳಾ?"

"ಬಂದು ನೋಡಿ," ಎಂದೆ, ಮಾಸ್ಕ್ ಕೆಳಗಿಳಿಸಿ.

ಬರುತ್ತಾರೆ. ಅಷ್ಟರಲ್ಲಿ ಚಿಕ್ಕಮ್ಮನನ್ನು ಒಪ್ಪಿಸಬೇಕು. ಒಪ್ಪಿಸಲು ಬೇಕಾದ ಅರ್ಧ ಮಾತುಗಳು ನನಗೆ ಬರುವುದಿಲ್ಲ. ಮೇಷ್ಟರನ್ನೇ ಕೇಳುತ್ತೇನೆ.