ಮಲ್ಕಮ್ಮನ ಕಿಲೋಮೀಟರುಗಳು

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ, ಲಾಡ್ಜೊಂದರ ಮೇಲಿನ ಮಹಡಿಯಲ್ಲಿ ‘ನವಹೆಜ್ಜೆ’ ಸೇವಾಸಂಸ್ಥೆ. ಅದರ ಹೊಸ ನಿರ್ದೇಶಕ ಸುಮಧ್ವರು ಪುಣೆಯ ಮೂರು ದಿನದ ಶಿಬಿರದಿಂದ ಬಂದಿಳಿದಿದ್ದರು. ಸಿಬ್ಬಂದಿ ಯಾಕೆ ದುಡಿಯುತ್ತಾರೆ, ಯಾಕೆ ದುಡಿಯುವುದಿಲ್ಲ ಎಂಬ ಒಗಟು ಅವರಿಗೆ ಮೂರನೆಯ ದಿನದ ಊಟಕ್ಕೂ ಮೊದಲೇ ಬಿಡಿಸಿಹೋಗಿತ್ತು: ತಿರುಗುವವನು ದುಡಿಯುತ್ತಾನೆ. ಎಲ್ಲರ ಫೋನಿನಲ್ಲೂ ಕಿಲೋಮೀಟರು ಎಣಿಸುವ ಆ್ಯಪ್ ಬಂದು ಕೂತಿತು. ತಿಂಗಳಿಗೆ ಇನ್ನೂರು ದಾಟದವರಿಗೆ ಮನೆಯ ದಾರಿ. ಕಾಲಿನದೋ ಗಾಲಿಯದೋ, ಆ್ಯಪ್ ಕೇಳುತ್ತಿರಲಿಲ್ಲ.

ಕಮಲಾಪುರದ ಕಾರ್ಯಕರ್ತೆ ಮಲ್ಕಮ್ಮನ ಕೆಲಸ ಶಾಲೆ ಬಿಟ್ಟ ಹುಡುಗಿಯರನ್ನು ಮತ್ತೆ ಶಾಲೆಗೆ ಕಳಿಸುವುದು. ಅದು ಕೂತೇ ಆಗಬೇಕಾದ ಕೆಲಸ. ಭೀಮಬಾಯಿಯ ಕಟ್ಟೆಯ ಮೇಲೆ ಕೂತು, ಜೊತೆಗೆ ಶೇಂಗಾ ಸುಲಿದು, ಮೊಣಕಾಲು ನೋವಿನ ಪುರಾಣ ಪೂರ್ತಿ ಕೇಳಿದ ಮೇಲಷ್ಟೇ ಮೊಮ್ಮಗಳು ಕಾವೇರಿಯ ಹತ್ತನೇ ತರಗತಿಯ ಮಾತು ಎತ್ತಬಹುದು. ನಾಲ್ಕು ವಾರದಲ್ಲಿ ಮುದುಕಿ ‘ಇಲ್ಲ’ದಿಂದ ‘ನೋಡೋಣ’ಕ್ಕೆ ಬಂದಿದ್ದಳು. ಆ್ಯಪಿನ ಮೊದಲ ವಾರದ ಲೆಕ್ಕದಲ್ಲಿ ಮಲ್ಕಮ್ಮನ ಸಾಧನೆ ಒಂಬತ್ತು ಕಿಲೋಮೀಟರು.

ಸುತ್ತಲಿನ ಹಳ್ಳಿಗಳಿಗೆ ಟಂಟಂ ಆಟೋ ಓಡಿಸುವ ಜಹೀರುದ್ದೀನನಿಗೆ ಕನಿಕರ ಬಂತು. “ಫೋನ್ ನನ್ನ ಗಾಡ್ಯಾಗ ಇಡ್ರಿ ಅಕ್ಕಾ. ನಾ ಹೆಂಗೂ ತಿರಗತೀನಿ, ನೀವು ಆರಾಮ ಕೂಡ್ರಿ.”

ತಿಂಗಳ ಕೊನೆಗೆ ಮಲ್ಕಮ್ಮ ಸಾವಿರದ ಒಂಬೈನೂರು ಕಿಲೋಮೀಟರು ದುಡಿದಿದ್ದಳು. ಸುಮಧ್ವರು ಬಣ್ಣಬಣ್ಣದ ನಕ್ಷೆ ಬರೆಸಿ ದಾನಿಗಳಿಗೆ ಕಳಿಸಿಯೇಬಿಟ್ಟರು. ಆಮೇಲೆ ಅವಳನ್ನು ಕರೆಸಿ ಬಡ್ತಿ ಸಾರಿದರು: ಕಲಬುರಗಿ ಆಫೀಸು, ತಿರುಗುವ ಕುರ್ಚಿ, ತಲೆಯ ಮೇಲೆ ಸ್ವಂತ ಫ್ಯಾನು, ಸೋಮವಾರದಿಂದಲೇ. ಕಮಲಾಪುರಕ್ಕೆ ಆನಂದಕುಮಾರ ಹೋಗುತ್ತಾನೆ. ಅವನು ಬೈಕಿನಿಂದ ಇಳಿಯದೆಯೇ ಊರಿನ ಕಷ್ಟ ಕೇಳಿ ಮುಗಿಸುವವನು.

ಸೋಮವಾರ ನೀನೇ ಬಂದು ಹುಡುಗಿಯನ್ನು ಕರಕೊಂಡು ಹೋಗು, ಬೇರೆಯವರ ಜೊತೆ ಕಳಿಸಲ್ಲ ಅಂತ ಭೀಮಬಾಯಿ ನಿನ್ನೆಯಷ್ಟೇ ಮಲ್ಕಮ್ಮನಿಗೆ ಹೇಳಿದ್ದಳು.

“ಸರ್, ಆ ಕಿಲೋಮೀಟರ್ ನನ್ನವಲ್ರೀ. ಜಹೀರಣ್ಣನ ಟಂಟಂದ್ದು. ನಾ ಕುಂತಿದ್ದೆರಿ.”

“ತಿಂಗಳಪೂರ್ತಿ?”

“ಪೂರ್ತಿ ರೀ.”

ಸುಮಧ್ವರು ನಕ್ಷೆ ನೋಡಿದರು, ಬಾಗಿಲು ನೋಡಿದರು. ಅವಳನ್ನು ಕೆಲಸದಿಂದ ತೆಗೆದುಹಾಕಿದರೆ ದಾನಿಗಳಿಗೆ ಕಾರಣ ಬರೆಯಬೇಕು. ಆದರೆ ಸಂಸ್ಥೆಯಲ್ಲಿ ಇದಕ್ಕೊಂದು ಹಳೆಯ ಪದ್ಧತಿಯಿತ್ತು: ತೆಗೆಯಲೂ ಆಗದ, ತೋರಿಸಲೂ ಆಗದ ಸಿಬ್ಬಂದಿಯನ್ನು ಜನಸೇವೆಗೆ ಅಟ್ಟುವುದು.

“ಬಡ್ತಿ ರದ್ದು. ಆ್ಯಪ್ ತಗದುಹಾಕ್ರಿ. ಇನ್ನ ಮುಂದ ಕಮಲಾಪುರದಾಗ ಬಿದ್ದಿರ್ರಿ,” ಎಂದರು, ಕರಿನೀರಿನ ಶಿಕ್ಷೆ ಕೊಡುವ ದನಿಯಲ್ಲಿ. ಮಲ್ಕಮ್ಮ ಸೆರಗು ಹೊದ್ದು, ಕೈಲಾದಷ್ಟು ದುಃಖಪಟ್ಟಳು.

ಸೋಮವಾರ ಕಾವೇರಿ ಚೀಲ ಹೆಗಲಿಗೇರಿಸಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಅವಳನ್ನು ಶಾಲೆಯೊಳಗೆ ಬಿಟ್ಟು ಮಲ್ಕಮ್ಮ ಹೊರಬಂದರೆ, ಜಹೀರುದ್ದೀನ್ ನಿಂತ ಟಂಟಂನಲ್ಲಿ ಸಪ್ಪಗೆ ಕೂತಿದ್ದ. ಬಾಡಿಗೆ ಇಲ್ಲವೇನೋ ಅಂತ ಕೇಳಿದಳು.

“ಅದಾವ ಅಕ್ಕಾ,” ಎಂದ. “ಆದ್ರ ಎಣಸವರ ಇಲ್ದ ಓಡಸಾಕ ಹುರುಪೇ ಬರವಲ್ದು.”