ನಾಲ್ಕು ಹತ್ತಕ್ಕೆ ಎಡಮಗ್ಗುಲು

ಆ ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ನರ್ಸಿಂಗ್ ಸಹಾಯಕಿಯಾಗಿದ್ದವಳನ್ನು ಎಲ್ಲರೂ ಮುತ್ತಕ್ಕ ಎನ್ನುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು, ಅದಕ್ಕೆ. ಡಾಕ್ಟರುಗಳ ಅಕ್ಷರವೋ, ದೇವರಿಗೇ ಪ್ರೀತಿ. ನರ್ಸುಗಳದು ಓಡುತ್ತಾ ಬರೆದದ್ದು. ಆ ಮಹಡಿಯಲ್ಲಿ ಓದಲು ಬರುವಂಥದ್ದು ಏನಾದರೂ ಇದ್ದರೆ ಅದು ಮುತ್ತಕ್ಕ ಬರೆದ ಮಗ್ಗುಲು ಪಟ್ಟಿ ಮಾತ್ರ.

ಮಗ್ಗುಲು ಪಟ್ಟಿ ಎಂದರೆ ದೊಡ್ಡ ವಿದ್ಯೆಯೇನಲ್ಲ. ತಾನಾಗಿ ಹೊರಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಮೈಗೆ ಹಾಸಿಗೆ ಹುಣ್ಣು ಬರುತ್ತದೆ. ಹೊರಳಿಸಿದ ಮೇಲೆ ಮಂಚದ ಕಾಲ ಬಳಿ ತೂಗುವ ಹಾಳೆಯಲ್ಲಿ ಹೊತ್ತು ಬರೆದು, ಎಡಕ್ಕಾದರೆ ‘ಎ’, ಬಲಕ್ಕಾದರೆ ‘ಬ’, ಅಂಗಾತವಾದರೆ ‘ಅಂ’ ಎಂದು ಹಾಕಿ ಸಹಿ ಮಾಡಬೇಕು. ತಿಂಗಳಿಗೊಂದು ಹಾಳೆ, ಮೂವತ್ತೊಂದು ಸಾಲು, ಸಾಲಿಗೆ ಹನ್ನೆರಡು ಮನೆ. ಹೊರಳಿಸುವುದು ಮೊದಲು, ಬರೆಯುವುದು ಆಮೇಲೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ವಾರ್ಡಿನಲ್ಲಿ ಆ ಕ್ರಮ ಕೊಂಚ ಬದಲಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬಂದ ಮುತ್ತಕ್ಕ ಎಂಟೂವರೆಯೊಳಗೆ ಸಂಜೆ ತನಕದ್ದೆಲ್ಲ ಬರೆದು ಮುಗಿಸುತ್ತಿದ್ದಳು.

ಹಾಗೆಂದು ಅವಳನ್ನು ಮೈಗಳ್ಳಿ ಎಂದೀರಿ, ಜೋಕೆ! ಹದಿನೆಂಟು ಹಾಸಿಗೆಗೆ ಇಬ್ಬರೇ ಸಹಾಯಕಿಯರು. ಬೆಡ್‌ಪ್ಯಾನ್ ಇಡುವುದು, ತೆಗೆಯುವುದು, ಮೈ ಒರೆಸುವುದು, ಉಣಿಸುವುದು, ಎಕ್ಸ್‌ರೇಗೆ ತಳ್ಳಿಕೊಂಡು ಹೋಗುವುದು, ಅಲ್ಲಿ ಮೆಷಿನ್ ಕೆಟ್ಟಿದೆ ಎಂದರೆ ವಾಪಸ್ ತಳ್ಳಿಕೊಂಡು ಬರುವುದು. ಇಷ್ಟರ ನಡುವೆ ಕೈ ಬಿಡುವಾದಾಗಲೆಲ್ಲ ಹೊರಳಿಸುತ್ತಿದ್ದಳು. ನರಳುವವರನ್ನು ಮೊದಲು, ಪಕ್ಕದಲ್ಲಿ ನೆಂಟರು ಕೂತಿರುವವರನ್ನು ಆಮೇಲೆ, ಸುಮ್ಮನಿರುವವರನ್ನು ಪುರುಸೊತ್ತಾದರೆ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರಲ್ಲ, ಇವಳಂತೂ ತಾಯಿಯಲ್ಲ, ಸಂಬಳದ ಹೆಂಗಸು. ಒಂಬತ್ತನೇ ಹಾಸಿಗೆಯಲ್ಲಿ ಲಕ್ವ ಹೊಡೆದು ಮಾತು ಹೋದ ಮುದುಕನೊಬ್ಬ ಇದ್ದ. ಹಿಂದೆ ಬೀಗ ರಿಪೇರಿ ಮಾಡುತ್ತಿದ್ದನಂತೆ. ಅವನನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಅವನ ಪಟ್ಟಿ ಇಡೀ ವಾರ್ಡಿನಲ್ಲೇ ಅಚ್ಚುಕಟ್ಟಾಗಿತ್ತು.

ಮೊದಲೇ ಬರೆದಿಡುವುದರಲ್ಲೂ ಅವಳಿಗೊಂದು ನಿಯತ್ತಿತ್ತು. ಮೂರು ಪೆನ್ನು ಇಟ್ಟುಕೊಂಡಿದ್ದಳು, ಒಂದು ಸ್ವಲ್ಪ ಮಸಿ ಕಮ್ಮಿಯಾದದ್ದು. ನಾಲ್ಕು ಗಂಟೆ ಎಂದು ಸತ್ತರೂ ಬರೆಯಳು. ನಾಲ್ಕು ಹತ್ತು, ಆರು ಐದು, ಹೀಗೆ. ಮನುಷ್ಯರಾದವರು ಸರಿಯಾಗಿ ನಾಲ್ಕಕ್ಕೆ ಏನನ್ನೂ ಮಾಡುವುದಿಲ್ಲ ಎಂಬುದು ಅವಳ ಸಿದ್ಧಾಂತ. ಎಲ್ಲ ಮುಗಿದ ಮೇಲೆ ಹಾಳೆಯ ಬಲಮೂಲೆಯಲ್ಲಿ ಚಹಾ ಲೋಟವನ್ನು ಒಂದು ಸಲ ಇಟ್ಟು ತೆಗೆಯುವಳು. ಆ ಕಂದು ವೃತ್ತ ಬಿದ್ದರೆ ಹಾಳೆಗೆ ದುಡಿದ ಕಳೆ ಬರುತ್ತಿತ್ತು. ಗುಣಮಟ್ಟ ಸಮಿತಿಯವರು ವರ್ಷಕ್ಕೊಮ್ಮೆ ಬಂದು, ಅವಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ, ಮೇಲೆ ‘ಮಾದರಿ’ ಎಂದು ಬರೆದು ನೋಟಿಸ್ ಬೋರ್ಡಿಗೆ ಹಾಕುತ್ತಿದ್ದರು. ವೃತ್ತದ ಸಮೇತ.

ಅವಳ ಜೊತೆಗಾತಿ ಹೊಸಬಳು. ಬಂದು ಒಂದೂವರೆ ವರ್ಷವಾಗಿದ್ದರೂ ಹೆಸರು ಹೊಸಬಳೇ. ಮೂವತ್ತು ವರ್ಷದ, ಎರಡು ಮಕ್ಕಳ ತಾಯಿ, ಹೇಳಿದ್ದನ್ನು ತಲೆ ಮೇಲೆ ಹೊತ್ತು ಮಾಡುವವಳು. ತಿಂಗಳ ಕೊನೆಯಲ್ಲಿ ನಾಲ್ಕು ದಿನ ರಜೆ ಹೋಗುವುದಿತ್ತು ಎಂದು ಅವಳೊಮ್ಮೆ ಹಾಳೆಯನ್ನು ಕೊನೆಯ ಸಾಲಿನವರೆಗೂ ತುಂಬಿಸಿಟ್ಟು ಹೋದಳು. ಆ ತಿಂಗಳಿಗೆ ಮೂವತ್ತೇ ದಿನ.

“ಇಲ್ಲದೇ ಇರೋ ದಿನದಲ್ಲಿ ಆರು ಸಲ ಹೊರಳಿಸಿದ್ದೀಯಲ್ಲೇ!” ಎಂದು ಮುತ್ತಕ್ಕ ಹಣೆ ಚಚ್ಚಿಕೊಂಡಳು. “ಯಾರಾದ್ರೂ ನೋಡಿದ್ರೆ ನಿನ್ನ ಕೆಲಸ ಹೋಗ್ತಿತ್ತು, ಜೊತೆಗೆ ನನ್ನ ಮಾನಾನೂ.”

“ತಪ್ಪಾಯ್ತು ಅಕ್ಕಾ. ಸಾಲು ಇತ್ತು, ತುಂಬಿಸಿಬಿಟ್ಟೆ.”

ಮುತ್ತಕ್ಕ ಆ ಹಾಳೆಯನ್ನು ಹರಿದು, ಕೂತು ಹೊಸದಾಗಿ ಬರೆದುಕೊಟ್ಟಳು. ಬರೆಯುತ್ತಾ ತನ್ನ ವಿದ್ಯೆಯನ್ನೆಲ್ಲ ಧಾರೆ ಎರೆದಳು. ಮೂರು ಪೆನ್ನು, ನಾಲ್ಕು ಹತ್ತು, ನರಳುವವರು ಮೊದಲು, ಚಹಾ ವೃತ್ತ. ಹೊಸಬಳು ಕಣ್ಣರಳಿಸಿ ಕಲಿತಳು. ಎರಡು ತಿಂಗಳಲ್ಲಿ ಅವಳನ್ನು ಮೂರನೇ ಮಹಡಿಯ ಮೂಳೆ ವಾರ್ಡಿಗೆ ಹಾಕಿದರು. ಹೋಗುವ ದಿನ ಮುತ್ತಕ್ಕನ ಕಾಲು ಮುಟ್ಟುವುದೊಂದು ಬಾಕಿ.

ಹೀಗಿರುವಾಗ ಮುತ್ತಕ್ಕನ ಅತ್ತೆ, ಬೇಡ ಎಂದದ್ದನ್ನೇ ಮಾಡುವ ಹೆಂಗಸು, ಬೀರುವಿನ ಮೇಲಿನ ಸೂಟ್‌ಕೇಸ್ ತೆಗೆಯಲು ಸ್ಟೂಲ್ ಹತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸೊಸೆಯ ಆಸ್ಪತ್ರೆಗೇ ತಂದು ಮೂರನೇ ಮಹಡಿಯಲ್ಲಿ ಮಲಗಿಸಿದರು. ರಕ್ತದ ಸಕ್ಕರೆ ಹತೋಟಿಗೆ ಬರುವವರೆಗೆ ಆಪರೇಷನ್ ಇಲ್ಲ, ಅಲ್ಲಾಡಬಾರದು ಎಂದರು ಡಾಕ್ಟರು.

ಈ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಉಪ್ಪಿಲ್ಲ ಎನ್ನದೆ ಅವರು ಒಂದು ತುತ್ತು ನುಂಗಿದವರಲ್ಲ. ಹತ್ತೊಂಬತ್ತು ವರ್ಷದಲ್ಲಿ ಸೊಸೆ ಒಗೆದ ಬಟ್ಟೆ ಬೆಳ್ಳಗಾಗಿರಲಿಲ್ಲ, ಗುಡಿಸಿದ ಮೂಲೆ ಚೊಕ್ಕವಾಗಿರಲಿಲ್ಲ. ಮನೆಯೊಳಗೆ, “ಇವಳದೇನು ದೊಡ್ಡ ಕೆಲಸ, ಊರವರ ಹೇಲು ಬಾಚೋದು” ಎನ್ನುವರು. ಅದೇ ಬಾಯಲ್ಲಿ ಪಕ್ಕದ ಮನೆಯವರಿಗೆ, “ನಮ್ಮ ಸೊಸೆ ಒಂದಿನ ಹೋಗ್ಲಿಲ್ಲ ಅಂದ್ರೆ ಆ ಆಸ್ಪತ್ರೆ ಬಾಗಿಲು ಹಾಕ್ಬೇಕು” ಎನ್ನುವರು. ಎರಡೂ ಮಾತು ಮುತ್ತಕ್ಕನ ಕಿವಿಗೆ ಬಿದ್ದಿತ್ತು.

ತಮ್ಮವರಿರುವ ವಾರ್ಡಿಗೆ ಕೆಲಸದ ಹೊತ್ತಿನಲ್ಲಿ ಹೋಗಿ ಕೈ ಹಾಕಬಾರದೆಂದು ಆಸ್ಪತ್ರೆಯ ನಿಯಮ. ನೋಡಲು ನಾಲ್ಕರಿಂದ ಐದು. ಆ ಹೊತ್ತಿಗೆ ಮುತ್ತಕ್ಕನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಹಾಗಾಗಿ ಗಂಡ ಹೋಗಿ ಬರುತ್ತಿದ್ದ.

“ಅಮ್ಮ ಏನಂದ್ರು?”

“ಎಲ್ಲಾ ಚೆನ್ನಾಗಿದೆ ಅಂದ್ರು.”

ಅವಳಿಗೆ ಅಲ್ಲೇ ಹೊಳೆಯಬೇಕಿತ್ತು. ಚೆನ್ನಾಗಿದೆ ಎಂಬ ಮಾತು ಆ ಬಾಯಿಂದ ಬಂದದ್ದನ್ನು ಅವಳು ಕೇಳಿಯೇ ಇರಲಿಲ್ಲ. ಮೇಲೆ ಹೊಸಬಳಿದ್ದಾಳೆ, ತಾನೇ ಪಳಗಿಸಿದವಳು, ಇನ್ನೇನು ಚಿಂತೆ ಎಂದುಕೊಂಡಳು.

ಒಂಬತ್ತನೇ ದಿನ ಹೆಡ್ ಸಿಸ್ಟರ್ ಹತ್ತಿರ ಒಂದು ಗಂಟೆ ಕೇಳಿಕೊಂಡು, ನಾಲ್ಕಕ್ಕೆ ಸರಿಯಾಗಿ ಮೂರನೇ ಮಹಡಿಗೆ ಹೋದಳು. ಅತ್ತೆ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದರು. ಸೊಸೆಯನ್ನು ಕಂಡು, “ಬಂದ್ಯಾ?” ಎಂದರು. ಯಾಕೆ ತಡ ಎನ್ನಲಿಲ್ಲ. ಮುತ್ತಕ್ಕ ಸ್ಟೂಲ್ ಎಳೆದು ಕೂತು, ಅಭ್ಯಾಸಬಲದಿಂದ ಮಂಚದ ಪಟ್ಟಿಗೆ ಕೈ ಹಾಕಿದಳು.

ಅಬ್ಬಾ, ಎಂಥ ಪಟ್ಟಿ! ಒಂದು ಮನೆ ಖಾಲಿಯಿಲ್ಲ. ಎ, ಬ, ಅಂ ತಪ್ಪದೆ ಸರದಿಯಲ್ಲಿ ಬಂದಿವೆ. ಒಂದೆಡೆ ನೀಲಿ, ಒಂದೆಡೆ ಕಪ್ಪು, ಒಂದೆಡೆ ಮಸಿ ಕಮ್ಮಿಯಾದ ಪೆನ್ನು. ಮುತ್ತಕ್ಕನಿಗೆ ನಿಜಕ್ಕೂ ಹೆಮ್ಮೆಯಾಯಿತು. ಇವತ್ತಿನ ಸಾಲಿಗೆ ಬಂದಳು. ನಾಲ್ಕು ಹತ್ತು, ‘ಎ’, ಸಹಿ. ಗೋಡೆಯ ಗಡಿಯಾರದಲ್ಲಿ ನಾಲ್ಕು ಐದಾಗಿತ್ತು.

ಇನ್ನೂ ಆಗದ ನಾಲ್ಕು ಹತ್ತಕ್ಕೆ ಅತ್ತೆ ಎಡಮಗ್ಗುಲಾಗಿ ಮುಗಿದಿತ್ತು. ಬಲಮೂಲೆಯಲ್ಲಿ ಕಂದು ವೃತ್ತ.

ಮುತ್ತಕ್ಕ ಕಾದಳು. ಈ ವಿದ್ಯೆ ತನ್ನದೇ ಎಂದು ಗೊತ್ತಿದ್ದೂ, ಒಂದು ವೇಳೆ ಬಂದರೆ, ಎಂದು ಕಾದಳು. ನಾಲ್ಕು ಹತ್ತಾಯಿತು. ಯಾರೂ ಬರಲಿಲ್ಲ. ನಾಲ್ಕು ಇಪ್ಪತ್ತಾಯಿತು.

“ಇವತ್ತು ಎಷ್ಟು ಸಲ ಹೊರಳಿಸಿದ್ರು ಅತ್ತೆ?”

“ಹೊರಳಿಸ್ತಾರೆ, ಹೊರಳಿಸ್ತಾರೆ. ಪಾಪ, ಅವರಿಗೂ ಕೆಲಸ.”

ಪಾಪ! ಮುತ್ತಕ್ಕ ಎದ್ದು ಬಾಗಿಲಿಗೆ ಹೋಗಿ ಹೊಸಬಳನ್ನು ಕೂಗಿದಳು. ಸೊಂಟ ಮುರಿದವರನ್ನು ಒಬ್ಬರೇ ಹೊರಳಿಸುವ ಹಾಗಿಲ್ಲ. ಹೊಸಬಳು ಮುಖವರಳಿಸಿಕೊಂಡು ಓಡಿ ಬಂದಳು.

“ಅಕ್ಕಾ! ನೋಡಿದ್ರಾ ಪಟ್ಟಿ? ನಿಮ್ಮ ಥರಾನೇ ಬಂದಿದೆ ಅಲ್ವಾ?”

“ಮೊದಲು ಹಿಡಿ.”

ಪರದೆ ಎಳೆದು, ಮಂಡಿಗಳ ನಡುವೆ ದಿಂಬಿಟ್ಟು, ಇಬ್ಬರೂ ಸೇರಿ ಅತ್ತೆಯನ್ನು ಹೊರಳಿಸಿದರು. ಬೆನ್ನ ಕೆಳಗೆ ಅಂಗೈಯಷ್ಟು ಅಗಲ ಕೆಂಪಾಗಿತ್ತು. ಮುತ್ತಕ್ಕ ಬೆರಳಿಂದ ಒತ್ತಿ ಬಿಟ್ಟಳು. ಹುಣ್ಣು ಹಿಡಿಯದ ಮೈಯಾದರೆ ಒತ್ತಿದ ಜಾಗ ಒಂದು ಕ್ಷಣ ಬೆಳ್ಳಗಾಗಬೇಕು. ಆಗಲಿಲ್ಲ. ಒಂದು ಅಂಚಿನಲ್ಲಿ ಚರ್ಮ ಸುಲಿದಿತ್ತು.

“ಯಾವಾಗಿಂದ ಅತ್ತೆ ಇದು?”

“ನಾಲ್ಕು ದಿನದಿಂದ ಉರೀತಾ ಇದೆ.”

“ನನಗ್ಯಾಕೆ ಹೇಳ್ಲಿಲ್ಲ? ಮನೇಲಿ ಉಪ್ಪು ಒಂದು ಕಾಳು ಕಮ್ಮಿಯಾದ್ರೆ ಬೀದಿಗೆಲ್ಲ ಕೇಳೋ ಹಾಗೆ ಹೇಳ್ತೀರಿ!”

ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು. “ಬಂದ ದಿನಾನೇ ಪಕ್ಕದ ಹಾಸಿಗೆಯವಳ ಹತ್ರ, ಇದು ನಮ್ಮ ಸೊಸೆ ಆಸ್ಪತ್ರೆ ಅಂತ ಕೊಚ್ಚಿಕೊಂಡಿದ್ದೆ ಕಣೇ. ಆಮೇಲೆ ನಾನೇ ಇಲ್ಲಿ ನೋಡ್ಕೊಳಲ್ಲ ಅಂದ್ರೆ ನಿನ್ನ ಮರ್ಯಾದೆ ಏನಾಗ್ಬೇಕು? ಅದಕ್ಕೇ ಬಾಯಿ ಮುಚ್ಕೊಂಡಿದ್ದೆ.”

ಮುತ್ತಕ್ಕ ಹೊಸಬಳ ತೋಳು ಹಿಡಿದು ಪರದೆಯಾಚೆ ಎಳೆದುಕೊಂಡು ಹೋದಳು.

“ನಾಚಿಕೆ ಆಗಲ್ವೇನೇ ನಿನಗೆ? ಒಂಬತ್ತು ದಿನ! ಒಂದು ಮನುಷ್ಯ ಜೀವ ಅದು!”

ಹೊಸಬಳ ಕಣ್ಣಲ್ಲಿ ನೀರು ಬಂತು, ಆದರೆ ಅದು ತಪ್ಪು ಮಾಡಿದವಳ ನೀರಲ್ಲ, ಅರ್ಥವಾಗದವಳದು. “ಒಬ್ಬಳೇ ಇದ್ದೀನಿ ಅಕ್ಕಾ, ಹದಿನಾಲ್ಕು ಹಾಸಿಗೆಗೆ. ನರಳೋರನ್ನ ಮೊದಲು ಅಂತ ನೀವೇ ಹೇಳಿದ್ರಿ. ಇವರು ನರಳಲೇ ಇಲ್ಲ. ನಿಮ್ಮತ್ತೆ ಅಂತ ಇವರ ಪಟ್ಟೀನ ಎಲ್ಲರದಕ್ಕಿಂತ ಚೆನ್ನಾಗಿ ಬರೆದೆ.”

ಮುತ್ತಕ್ಕ ಏನು ಬೈದರೂ ಅದು ಎರಡನೇ ಮಹಡಿಗೆ, ತನ್ನ ಪಟ್ಟಿಗಳ ಮೇಲೇ ಹೋಗಿ ಬೀಳುತ್ತಿತ್ತು. “ಆರು ಗಂಟೆಗೆ ಹೊರಳಿಸು. ಹಿಮ್ಮಡಿ ನೋಡು. ಸಿಸ್ಟರ್‌ಗೆ ಈಗಲೇ ಹೇಳು” ಎಂದಷ್ಟೇ ಹೇಳಿ, ಮೆಟ್ಟಿಲಿಳಿದಳು.

ನೆಟ್ಟಗೆ ಒಂಬತ್ತನೇ ಹಾಸಿಗೆಗೆ ಹೋದಳು. ಬೀಗದ ಮುದುಕನನ್ನು ಅವಳು ದಿನವೂ ಚೊಕ್ಕ ಮಾಡುತ್ತಿದ್ದಳು, ಬೆನ್ನಿನಲ್ಲಿ ಕೆಂಪು ಇದ್ದದ್ದು ಅವಳಿಗೆ ಗೊತ್ತೇ ಇತ್ತು. ಕಾಲುಚೀಲ ಮಾತ್ರ ತೆಗೆದಿರಲಿಲ್ಲ. ಕಾಲು ತಣ್ಣಗಿರುತ್ತದೆ, ಇರಲಿ ಎಂದು. ಈಗ ತೆಗೆಯಲು ಹೋದರೆ ಎಡಗಾಲಿನದು ಬರಲಿಲ್ಲ. ಹಿಮ್ಮಡಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದಳು. ಹಿಮ್ಮಡಿ ಕಪ್ಪಗಾಗಿತ್ತು, ಸುತ್ತ ಕೀವು. ಮುದುಕ ನರಳಲಿಲ್ಲ, ನರಳಲು ಅವನಿಗೆ ಬರುತ್ತಲೂ ಇರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಮುತ್ತಕ್ಕ ಅವನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಇದು ತಾನು ಮಾಡಿದ್ದು ಎಂದು ಅವಳಿಗೆ ಗೊತ್ತಾಗಿತ್ತು.

ನರ್ಸನ್ನು ಕರೆದು ತೋರಿಸಿ, ಮುದುಕನನ್ನು ಬಲಕ್ಕೆ ಹೊರಳಿಸಿದ ಮೇಲೆ ಪಟ್ಟಿ ತೆಗೆದಳು. ನಾಲ್ಕು ಹತ್ತು ಅಲ್ಲೂ ಮುಗಿದಿತ್ತು, ಆರು ಐದೂ. ಬರೆದದ್ದನ್ನು ಹೊಡೆದುಹಾಕಿದರೆ ಪಕ್ಕದಲ್ಲಿ ಸಹಿ ಮಾಡಬೇಕೆಂದು ನಿಯಮ. ಅವತ್ತಿನ ಸಾಲನ್ನು ಹೊಡೆದಳು, ಸಹಿ ಮಾಡಿದಳು. ಹಿಂದಿನ ದಿನದ್ದರಲ್ಲಿ ನಿಜವಾಗಿ ಹೊರಳಿಸಿದ್ದು ನೆನಪಿದ್ದ ಎರಡನ್ನು ಬಿಟ್ಟು ಉಳಿದದ್ದನ್ನು ಹೊಡೆದಳು, ಸಹಿ ಮಾಡಿದಳು. ಹೀಗೆ ಒಂದನೇ ತಾರೀಖಿನವರೆಗೆ. ಸಂದಿಯಲ್ಲಿ ಸಹಿ ತುರುಕಿ ತುರುಕಿ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಯಿತು. ಆಮೇಲೆ ಉಳಿದ ಜಾಗದಲ್ಲಿ ಬರೆದಳು: ‘4.50. ಬ. ಎಡ ಹಿಮ್ಮಡಿಯಲ್ಲಿ ಹುಣ್ಣು. ಮೊದಲೇ ನೋಡಬೇಕಿತ್ತು, ನೋಡಲಿಲ್ಲ.’

“ಏನ್ರೀ ಇದು ಮುತ್ತಕ್ಕ, ಕಾಡು ಹಂದಿ ಹೊಕ್ಕ ಹಾಗಿದೆ!” ಎಂದರು ಹೆಡ್ ಸಿಸ್ಟರ್. “ಮುಂದಿನ ವಾರ ಸಮಿತಿ ಬರುತ್ತೆ. ಹೊಸ ಹಾಳೆ ಕೊಡ್ತೀನಿ, ನೀಟಾಗಿ ಬರೆದುಕೊಡಿ.”

“ಹೊಸ ಹಿಮ್ಮಡಿ ಕೊಡ್ತೀರಾ ಸಿಸ್ಟರ್?”

ಹೆಡ್ ಸಿಸ್ಟರ್ ಕೆಟ್ಟವರಲ್ಲ. ಆ ಹಾಳೆಯನ್ನೇ ವಾಪಸ್ ತೂಗುಹಾಕಿದರು.

ಸಮಿತಿ ಬಂತು. ಎರಡನೇ ಮಹಡಿಯ ಪಟ್ಟಿಗಳಲ್ಲಿ ‘ಹೊರಳಿಸಿಲ್ಲ, ಎಕ್ಸ್‌ರೇಗೆ ಹೋಗಿದ್ದೆ’, ‘ಹೊರಳಿಸಿಲ್ಲ, ಇನ್ನೊಬ್ಬರು ಬೇಕಿತ್ತು’ ಎಂದೆಲ್ಲ ಇತ್ತು. ಮೂರನೇ ಮಹಡಿಗೆ ಹೋದರೆ ಅಲ್ಲೂ ಅದೇ, ಏಕೆಂದರೆ ಹೊಸಬಳು ಗುರು ಮಾಡಿದ್ದನ್ನೇ ಮಾಡುವವಳು. ರೋಗ ಎರಡು ಮಹಡಿಗೆ ಹಬ್ಬಿದೆ ಎಂದು ಸಮಿತಿ ಕೂಡಲೇ ಕ್ರಮ ಕೈಗೊಂಡಿತು. ಪಟ್ಟಿಯ ಮನೆಗಳನ್ನು ಚಿಕ್ಕದು ಮಾಡಿಸಿತು, ‘ಹೊರಳಿಸಿಲ್ಲ’ ಎಂದು ಬರೆಯಲು ಜಾಗ ಸಾಲದ ಹಾಗೆ. ಮುತ್ತಕ್ಕನಿಗೆ ಕಾರಣ ಕೇಳಿ ನೋಟಿಸ್ ಬಂತು. ಬೋರ್ಡಿನಿಂದ ‘ಮಾದರಿ’ ಇಳಿಯಿತು. ಮುತ್ತಕ್ಕ ಹಾಳೆಯ ಹಿಂಬದಿಯಲ್ಲಿ ಬರೆಯತೊಡಗಿದಳು. ಮುದುಕನ ಹಿಮ್ಮಡಿ ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಅದಕ್ಕೂ ಎಷ್ಟೋ ಮೊದಲೇ ಅತ್ತೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದರು. ಆಗ ಬೆನ್ನಿನ ಗಾಯ ಇನ್ನೂ ಹಸಿಯಾಗಿತ್ತು. ಒಂದು ರಜೆಯ ದಿನ ಮುತ್ತಕ್ಕ ನೋಟಿಸಿಗೆ ಉತ್ತರ ಬರೆಯುತ್ತಾ ಮಂಚದ ಪಕ್ಕ ಕೂತಿದ್ದಳು.

“ಏನೇ ಅದು?”

“ನೋಟಿಸು ಅತ್ತೆ. ಪಟ್ಟಿ ಹಾಳು ಮಾಡಿದ್ದೀನಂತೆ.”

“ಕೊಡಿಲ್ಲಿ.” ಅತ್ತೆ ಕನ್ನಡಕ ಹಾಕಿಕೊಂಡು, ಸೊಸೆ ಬರೆದ ಉತ್ತರವನ್ನು ಹಿಂದೆ ಮುಂದೆ ತಿರುವಿ ನೋಡಿದರು. “ಅಕ್ಷರ ಕೆಟ್ಟಿದೆ.”

“ಹೌದು ಅತ್ತೆ.”

“ಇದ್ದಿದ್ದನ್ನ ಇದ್ದ ಹಾಗೆ ಬರೆದಿದ್ದೀಯಾ?”

“ಬರೆದಿದ್ದೀನಿ.”

ಅತ್ತೆ ಕಾಗದ ಮಡಚಿ ವಾಪಸ್ ಕೊಟ್ಟು ಗಡಿಯಾರದ ಕಡೆ ನೋಡಿದರು. “ನಾಲ್ಕು ಗಂಟೆಗೆ ಹೊರಳಿಸ್ಬೇಕಿತ್ತು. ನಾಲ್ಕು ಮೂರಾಯ್ತು. ಎಲ್ಲಿ ನೋಡ್ತಾ ಕೂತಿದ್ದೀಯ? ಮಧ್ಯಾಹ್ನದ ಗಂಜಿಗೂ ಉಪ್ಪಿರಲಿಲ್ಲ.”

ಮುತ್ತಕ್ಕ ಪೆನ್ನು ಕೆಳಗಿಟ್ಟು, ದಿಂಬು ತೆಗೆದುಕೊಂಡು ಎದ್ದಳು.